ವಿದ್ಯಾರ್ಥಿಗಳ ರಕ್ತದಾನ: ಶಿಬಿರ ಮುಗಿದ ಮೇಲೆ

ಕಳೆದ ರಬೀಉಲ್ ಅವ್ವಲ್ ತಿಂಗಳಲ್ಲಿ ನಮ್ಮ ಮಸೀದಿಯ ಅಂಗಳದಲ್ಲಿ ರಕ್ತದಾನ ಶಿಬಿರ ನಡೆಯಿತು. ಕಾಲೇಜಿಗೆ ಹೋಗುವ ನಮ್ಮ ಹುಡುಗರೇ ಮುಂದೆ ನಿಂತು ಎಲ್ಲವನ್ನೂ ನೋಡಿಕೊಂಡರು. ಶಾಮಿಯಾನ ಕಟ್ಟಿದರು, ಬಂದವರಿಗೆ ಶರಬತ್ತು ಕೊಟ್ಟರು, ವೈದ್ಯರ ತಂಡಕ್ಕೆ ಊಟ ತಂದರು. ಅರವತ್ತಕ್ಕೂ ಹೆಚ್ಚು ಮಂದಿ ರಕ್ತ ಕೊಟ್ಟರು. ಮುಂದಿನ ಜುಮಾದಲ್ಲಿ ನಾವು ಅವರನ್ನು ಮನಸಾರೆ ಹೊಗಳಿದೆವು. ಫೋಟೊಗಳು ಎಲ್ಲರ ಮೊಬೈಲಿನಲ್ಲಿ ಓಡಾಡಿದವು.

ಆರು ತಿಂಗಳು ಕಳೆದು ರಮಝಾನ್ ಬಂತು. ಒಂದು ದಿನ ಅಸರ್ ನಮಾಝಿನ ಬಳಿಕ ಮೊಹಲ್ಲಾದ ತಾಯಿಯೊಬ್ಬರು ಗೇಟಿನ ಹತ್ತಿರ ನಿಂತಿದ್ದರು. ಅವರ ಏಳು ವರ್ಷದ ಮಗುವಿಗೆ ಥಲಸ್ಸೇಮಿಯಾ. "ಉಸ್ತಾದರೇ, ನಾಳೆ ಮಗುವಿಗೆ ರಕ್ತ ಹಾಕಿಸಬೇಕು. ಬಿ ಪಾಸಿಟಿವ್ ಇಲ್ಲ ಅಂತ ಹೇಳ್ತಿದ್ದಾರೆ. ಆ ಹುಡುಗರಿಗೆ ಒಂದು ಮಾತು ಹೇಳ್ತೀರಾ?" ಎಂದರು. ನಾವು ಫೋನ್ ಮಾಡಲು ಕುಳಿತೆವು. ಒಬ್ಬನಿಗೆ ಮರುದಿನ ಪರೀಕ್ಷೆ. ಒಬ್ಬ ಬೆಂಗಳೂರಿನಲ್ಲಿದ್ದ. ಇನ್ನೊಬ್ಬ, ಉಪವಾಸದಲ್ಲಿ ರಕ್ತ ಕೊಡಬಹುದೇ ಎಂದು ನಮ್ಮನ್ನೇ ಕೇಳಿದ. ನಾಲ್ಕು ಮಂದಿ ಫೋನ್ ಎತ್ತಲಿಲ್ಲ. ಶಿಬಿರದಲ್ಲಿ ರಕ್ತ ಕೊಟ್ಟವರ ಪಟ್ಟಿ ಯಾರ ಬಳಿ ಇದೆ ಎಂದು ವಿಚಾರಿಸಿದರೆ ಯಾರ ಬಳಿಯೂ ಇರಲಿಲ್ಲ. ಫೋಟೊ ಮಾತ್ರ ಎಲ್ಲರ ಬಳಿಯೂ ಇತ್ತು. ಮಗುವಿಗೆ ರಕ್ತ ಸಿಕ್ಕಿದ್ದು ಎರಡು ದಿನ ತಡವಾಗಿ. ಆ ಎರಡು ದಿನ ಅದು ಹಾಸಿಗೆಯಿಂದ ಏಳಲಿಲ್ಲ.

ಇದರಲ್ಲಿ ಹುಡುಗರ ತಪ್ಪು ಕಡಿಮೆ, ನಮ್ಮದೇ ಹೆಚ್ಚು. ಒಂದು ದಿನದ ಕೆಲಸವನ್ನು ಹೊಗಳಿ, ಅಲ್ಲಿಗೆ ಸತ್ಕರ್ಮ ಮುಗಿಯಿತು ಎಂಬ ಭಾವನೆ ಅವರಲ್ಲಿ ಬರುವಂತೆ ಮಾಡಿದವರು ನಾವು. ಆದ್ದರಿಂದ ಈ ಬಾರಿ ಖುತ್ಬಾದಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ರಕ್ತದ ವಿಷಯ. ಥಲಸ್ಸೇಮಿಯಾ ತಂದೆ ತಾಯಿಯಿಂದ ಬರುವ ಕಾಯಿಲೆ. ಮಗುವಿನ ದೇಹ ಹಿಮೋಗ್ಲೋಬಿನ್ ಅನ್ನು ಸರಿಯಾಗಿ ತಯಾರಿಸುವುದಿಲ್ಲ. ಕಾಯಿಲೆ ತೀವ್ರವಾಗಿರುವ ಮಗುವಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಬೇರೆಯವರ ರಕ್ತ ಹಾಕಿಸಲೇಬೇಕು. ಶಿಬಿರ ವರ್ಷಕ್ಕೊಮ್ಮೆ ಬರುತ್ತದೆ, ಮಗುವಿನ ದಿನ ತಿಂಗಳು ತಿಂಗಳು ಬರುತ್ತದೆ. ಹಾಗಾದರೆ ಶಿಬಿರದಲ್ಲಿ ಕೊಟ್ಟ ರಕ್ತವನ್ನು ಇಟ್ಟುಕೊಳ್ಳಬಹುದಲ್ಲವೇ ಎಂದು ಕೇಳಬಹುದು. ಕೆಂಪು ರಕ್ತಕಣಗಳನ್ನು ತಂಪಿನಲ್ಲಿಟ್ಟರೂ 35ರಿಂದ 42 ದಿನಗಳಷ್ಟೇ ಉಳಿಯುತ್ತವೆ. ಡೆಂಗಿ ರೋಗಿಗಳಿಗೆ ಬೇಕಾಗುವ ಪ್ಲೇಟ್‌ಲೆಟ್‌ಗಳ ಆಯುಷ್ಯ 5 ದಿನ. ರಬೀಉಲ್ ಅವ್ವಲ್‌ನಲ್ಲಿ ಕೊಟ್ಟ ರಕ್ತ ರಮಝಾನಿನವರೆಗೆ ಉಳಿಯುವ ಮಾತೇ ಇಲ್ಲ.

ಇನ್ನೊಂದು ವಿಷಯ ನಮಗೂ ಆ ದಿನವೇ ತಿಳಿದದ್ದು. ಒಬ್ಬರು ಓಡಿ ಬಂದು ರಕ್ತ ಕೊಟ್ಟ ಕೂಡಲೇ ಅದನ್ನು ಮಗುವಿಗೆ ಹಾಕಲು ಆಗುವುದಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಇವುಗಳ ಪರೀಕ್ಷೆ ಮುಗಿಯಬೇಕು. ಅಂದರೆ ರಕ್ತ ಮೊದಲೇ ಅಲ್ಲಿ ಇರಬೇಕು. ಕೊನೆಯ ಗಳಿಗೆಯಲ್ಲಿ ಫೋನ್ ಮಾಡುವುದು ಎಂದರೆ ಆಗಲೇ ತಡವಾಗಿದೆ ಎಂದರ್ಥ.

ಈಗ ವರ್ಷವನ್ನೊಮ್ಮೆ ನೋಡಿ. ಶಿಬಿರಗಳು ಹೆಚ್ಚಾಗಿ ಮೀಲಾದ್, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿಯ ಸುತ್ತಮುತ್ತ ನಡೆಯುತ್ತವೆ. ಕಳೆದ ಕೆಲವು ವರ್ಷಗಳಿಂದ ರಮಝಾನ್ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಬರುತ್ತಿದೆ. ಅದೇ ಹೊತ್ತಿಗೆ ಪರೀಕ್ಷೆಗಳು. ಅದು ಮುಗಿಯಿತೆನ್ನುವಾಗ ಏಪ್ರಿಲ್, ಮೇ ರಜೆ; ಹಾಸ್ಟೆಲ್‌ಗಳು ಖಾಲಿ. ರಕ್ತ ಕೊಡುವವರಲ್ಲಿ ವಿದ್ಯಾರ್ಥಿಗಳೇ ಹೆಚ್ಚಿರುವ ಊರುಗಳಲ್ಲಿ ಈ ನಾಲ್ಕು ತಿಂಗಳು ರಕ್ತನಿಧಿ ಬಡವಾಗುತ್ತದೆ. ಮಕ್ಕಳ ಕಾಯಿಲೆಗೆ ರಜೆ ಇಲ್ಲ.

ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಕರ್ಮವು ಸಣ್ಣದಾಗಿದ್ದರೂ ನಿರಂತರವಾಗಿ ನಡೆಯುವಂಥದ್ದು ಎಂದು ಪ್ರವಾದಿ(ಸ) ಕಲಿಸಿದ್ದನ್ನು ಹಝ್ರತ್ ಆಯಿಷಾ(ರ) ವರದಿ ಮಾಡಿದ್ದಾರೆ. ಈ ಹದೀಸನ್ನು ನಾವು ಸಾಮಾನ್ಯವಾಗಿ ತಹಜ್ಜುದ್, ಕುರ್‌ಆನ್ ಪಾರಾಯಣದ ವಿಷಯದಲ್ಲಿ ಹೇಳುತ್ತೇವೆ. ಸಮಾಜಸೇವೆಗೂ ಅದು ಅಷ್ಟೇ ಅನ್ವಯಿಸುತ್ತದೆ ಎಂಬುದು ಗೇಟಿನ ಬಳಿ ಆ ತಾಯಿ ನಿಂತಾಗ ಅರ್ಥವಾಯಿತು.

ಪ್ರವಾದಿ(ಸ)ರ ಯೌವನದ ಒಂದು ಘಟನೆ ಇಲ್ಲಿ ನೆನಪಾಗುತ್ತದೆ. ಅವರಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು, ನಮ್ಮ ಪದವಿ ವಿದ್ಯಾರ್ಥಿಗಳ ವಯಸ್ಸು ಎನ್ನಿ. ಯಮನಿನಿಂದ ಬಂದ ವ್ಯಾಪಾರಿಯೊಬ್ಬನ ಸರಕನ್ನು ಮಕ್ಕಾದ ಆಸ್ ಬಿನ್ ವಾಇಲ್ ಎಂಬ ಶ್ರೀಮಂತ ಪಡೆದು ಹಣ ಕೊಡಲಿಲ್ಲ. ಆಗ ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಕೆಲವರು ಸೇರಿ, ಮಕ್ಕಾದಲ್ಲಿ ಅನ್ಯಾಯಕ್ಕೊಳಗಾದವನು ಯಾರೇ ಆಗಿರಲಿ, ಅವನ ಹಕ್ಕು ಸಿಗುವವರೆಗೆ ಜೊತೆಗೆ ನಿಲ್ಲುತ್ತೇವೆ ಎಂದು ಒಪ್ಪಂದ ಮಾಡಿದರು. ಅದೇ ಹಿಲ್‌ಫುಲ್ ಫುಝೂಲ್. ಪ್ರವಾದಿ(ಸ) ಅದರಲ್ಲಿ ಭಾಗವಹಿಸಿದ್ದರು. ಆ ವ್ಯಾಪಾರಿಗೆ ಅಂದು ಹಣ ಕೊಡಿಸಿ ಎಲ್ಲರೂ ಮನೆಗೆ ಹೋಗಬಹುದಿತ್ತು. ಅವರು ಮಾಡಿದ್ದು ಮುಂದೆ ಬರುವವನಿಗಾಗಿ ಒಪ್ಪಂದ. ಪ್ರವಾದಿತ್ವ ಲಭಿಸಿದ ನಂತರವೂ, ಅಂಥದ್ದಕ್ಕೆ ತನ್ನನ್ನು ಈಗ ಕರೆದರೂ ಬರುವೆನೆಂದು ಅವರು ಹೇಳಿದ್ದಾಗಿ ಚರಿತ್ರೆಯಲ್ಲಿದೆ. ಒಪ್ಪಂದ ಮಾಡಿದವರಾಗಲಿ ಆ ವ್ಯಾಪಾರಿಯಾಗಲಿ ಮುಸ್ಲಿಮರಾಗಿರಲಿಲ್ಲ ಎಂಬುದನ್ನೂ ನಮ್ಮ ಮಕ್ಕಳು ತಿಳಿದಿರಲಿ. ರಕ್ತ ಹಾಕುವ ವಾರ್ಡಿನಲ್ಲಿ ಪಕ್ಕದ ಹಾಸಿಗೆಯ ಮಗು ಯಾರದ್ದೆಂದು ಯಾರೂ ಕೇಳುವುದಿಲ್ಲ.

ಉಪವಾಸದ ಪ್ರಶ್ನೆ ಕೇಳಿದ ಹುಡುಗನಿಗೆ ಉತ್ತರ: ಪ್ರವಾದಿ(ಸ) ಉಪವಾಸದಲ್ಲಿದ್ದಾಗ ಹಿಜಾಮಾ ಮಾಡಿಸಿಕೊಂಡಿದ್ದಾರೆ. ಶಾಫಿಈ ಮತ್ತು ಹನಫೀ ಮಝ್‌ಹಬ್‌ಗಳಲ್ಲಿ ದೇಹದಿಂದ ರಕ್ತ ತೆಗೆಸಿದರೆ ಉಪವಾಸ ಮುರಿಯುವುದಿಲ್ಲ. ಆದರೆ ನಿಶ್ಶಕ್ತಿ ಬರುವಂತಿದ್ದರೆ ಅದು ಕರಾಹತ್. ಬರಿಹೊಟ್ಟೆಯಲ್ಲಿ ಕೊಡುವುದು ವೈದ್ಯರಿಗೂ ಇಷ್ಟವಿಲ್ಲ. ಇಫ್ತಾರ್ ಮುಗಿಸಿ, ಚೆನ್ನಾಗಿ ನೀರು ಕುಡಿದು, ತರಾವೀಹ್‌ಗೆ ಮೊದಲು ಅಥವಾ ನಂತರ ಹೋಗಿ ಕೊಡಿ. ರಕ್ತಕ್ಕೆ ಹಣ ತೆಗೆದುಕೊಳ್ಳುವುದು ಮಾತ್ರ ಸಲ್ಲದು. ಪ್ರವಾದಿ(ಸ) ರಕ್ತದ ಬೆಲೆಯನ್ನು ನಿಷೇಧಿಸಿದ್ದಾರೆ. ನಮ್ಮ ದೇಶದಲ್ಲೂ 1996ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, 1998ರ ಜನವರಿ 1ರಿಂದ ಹಣಕ್ಕಾಗಿ ರಕ್ತ ಕೊಡುವುದು ನಿಷಿದ್ಧ.

ತಾಯಂದಿರ ಭಯವನ್ನೂ ನಾವು ಬಲ್ಲೆವು. "ಓದುವ ಹುಡುಗ, ರಕ್ತ ಕೊಟ್ಟು ಸೊರಗುತ್ತಾನೆ" ಎನ್ನುತ್ತಾರೆ. ದೊಡ್ಡವರ ದೇಹದಲ್ಲಿ ಸುಮಾರು ಐದು ಲೀಟರ್ ರಕ್ತ ಇರುತ್ತದೆ, ತೆಗೆಯುವುದು 350 ಅಥವಾ 450 ಮಿಲಿಲೀಟರ್. ನೀರಿನಂಶ ಒಂದೆರಡು ದಿನಗಳಲ್ಲಿ, ರಕ್ತಕಣಗಳು ಕೆಲವು ವಾರಗಳಲ್ಲಿ ಮರಳಿ ತುಂಬುತ್ತವೆ. 18 ವರ್ಷ ತುಂಬಿರಬೇಕು, 45 ಕಿಲೋ ತೂಕ ಇರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ಒಮ್ಮೆ ಕೊಟ್ಟರೆ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು. ನಮ್ಮ ಹೆಣ್ಣುಮಕ್ಕಳಲ್ಲಿ ಹಲವರನ್ನು ಹಿಮೋಗ್ಲೋಬಿನ್ ಕಡಿಮೆ ಎಂದು ವಾಪಸ್ ಕಳುಹಿಸುತ್ತಾರೆ. ಅದರಲ್ಲಿ ನಾಚಿಕೆಯೇನಿಲ್ಲ, ಔಷಧಿ ಬೇಕೆಂದು ಆ ನೆಪದಲ್ಲಾದರೂ ಗೊತ್ತಾಯಿತಲ್ಲ.

ಇದೇ ಸಂದರ್ಭದಲ್ಲಿ ಹೆತ್ತವರಿಗೆ ಒಂದು ಮಾತು. ಗಂಡು ಹೆಣ್ಣು ಇಬ್ಬರಲ್ಲೂ ಥಲಸ್ಸೇಮಿಯಾದ ಅಂಶ ಇದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸಂಬಂಧಿಕರೊಳಗೆ ನಿಕಾಹ್ ಮಾಡುವಾಗ ಇದರ ಸಂಭವ ಹೆಚ್ಚು. ಒಂದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಮಹರ್ ಮಾತನಾಡುವ ಮೊದಲು ಅದನ್ನು ಮಾಡಿಸಿ.

ರಮಝಾನ್ ಕಳೆದ ಮೇಲೆ ಆ ಹುಡುಗರೇ ನಮ್ಮ ಬಳಿಗೆ ಬಂದರು. ಮುಖ ಸಪ್ಪಗಿತ್ತು. ಈಗ ಅವರು ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಅದರಲ್ಲಿ ಹೆಸರು, ರಕ್ತದ ಗುಂಪು, ಕೊನೆಯ ಬಾರಿ ಕೊಟ್ಟ ದಿನ, ಮುಂದೆ ಕೊಡಬಹುದಾದ ದಿನ. ಅದನ್ನು ಬರೆದು ನೋಡಿಕೊಳ್ಳುವವರು ಪಿಯುಸಿ ಓದುವ ಇಬ್ಬರು ಹೆಣ್ಣುಮಕ್ಕಳು. ಅವರಿಗಿನ್ನೂ 18 ತುಂಬಿಲ್ಲ, ರಕ್ತ ಕೊಡಲು ಆಗುವುದಿಲ್ಲ. ಆದರೆ ಈ ಕೆಲಸದಲ್ಲಿ ಹೆಚ್ಚಿನ ಪಾಲು ಅವರದ್ದೇ. ಮಗುವಿನ ದಿನಕ್ಕೆ ಒಂದು ವಾರ ಮೊದಲು ನೋಟ್‌ಬುಕ್ ತೆರೆದು, ಯಾರಿಗೆ ಕರೆ ಮಾಡಬೇಕೆಂದು ಅಣ್ಣಂದಿರಿಗೆ ಚೀಟಿ ಕೊಡುತ್ತಾರೆ. ಇದರ ಫೋಟೊ ತೆಗೆಯಲು ಏನೂ ಇಲ್ಲ. ಮಸ್ಜಿದುನ್ನಬವಿಯ ಕಸ ಗುಡಿಸುತ್ತಿದ್ದ ಮಹಿಳೆಯೊಬ್ಬರು ಕಾಣದಾದಾಗ ಪ್ರವಾದಿ(ಸ) ವಿಚಾರಿಸಿದರು. ಅವರು ತೀರಿಕೊಂಡರೆಂದು ತಿಳಿದಾಗ, ತಮಗೇಕೆ ತಿಳಿಸಲಿಲ್ಲವೆಂದು ಕೇಳಿ, ಅವರ ಕಬರಿನ ಬಳಿಗೆ ಹೋಗಿ ನಮಾಝ್ ಮಾಡಿದರು. ಆ ನೋಟ್‌ಬುಕ್ ನೋಡುವಾಗಲೆಲ್ಲ ನಮಗೆ ಆ ಮಹಿಳೆಯ ನೆನಪಾಗುತ್ತದೆ.

ಕಾಲೇಜಿನ ಎನ್‌ಎಸ್‌ಎಸ್‌ನಲ್ಲಿ ಪ್ರಮಾಣಪತ್ರಕ್ಕಾಗಿ ಸೇವೆ ಮಾಡಿದರೆ ಇಖ್ಲಾಸ್ ಹೋಗುವುದಿಲ್ಲವೇ ಎಂದು ಒಬ್ಬ ಹುಡುಗ ಕೇಳಿದ. 1969ರ ಸೆಪ್ಟೆಂಬರ್ 24ರಂದು ಶುರುವಾದ ಆ ಯೋಜನೆಯಲ್ಲಿ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ನಾವು ಹೇಳಿದೆವು: ಪತ್ರಕ್ಕಾಗಿ ಶುರು ಮಾಡಿದರೂ ಪರವಾಗಿಲ್ಲ, ಆ ಮಗುವಿಗೆ ರಕ್ತ ರಕ್ತವೇ. ನಿಯ್ಯತ್ ಸರಿಪಡಿಸಿಕೊಳ್ಳಲು ದಾರಿ ನಡುವೆಯೂ ಸಮಯವಿದೆ. 121ನೇ ಗಂಟೆಯಲ್ಲಿ ಏನು ಮಾಡುತ್ತೀ ಎಂದು ನಿನ್ನನ್ನೇ ಕೇಳಿಕೋ.

ಬರುವ ಶುಕ್ರವಾರ ಜುಮಾದ ನಂತರ ಹುಡುಗರು ನೋಟ್‌ಬುಕ್ ಹಿಡಿದು ಹೌಝಿನ ಪಕ್ಕ ಕುಳಿತಿರುತ್ತಾರೆ. ಮಹಿಳೆಯರು ಮದ್ರಸದ ಬಾಗಿಲಲ್ಲಿ ಆ ಇಬ್ಬರು ಹೆಣ್ಣುಮಕ್ಕಳ ಬಳಿ ಹೆಸರು ಬರೆಸಬಹುದು. ನಿಮ್ಮ ಗುಂಪು ತಿಳಿಯದಿದ್ದರೂ ಬನ್ನಿ. ಒ ನೆಗೆಟಿವ್ ಇರುವವರು ದಯವಿಟ್ಟು ತಪ್ಪಿಸಬೇಡಿ, ಈಗ ಪಟ್ಟಿಯಲ್ಲಿ ಇಬ್ಬರೇ ಇದ್ದಾರೆ. ಮುಂದೆ ಯಾವತ್ತಾದರೂ ಅವರ ಕರೆ ಬಂದಾಗ ಫೋನ್ ಎತ್ತಿ. ಬರಲಾಗದಿದ್ದರೆ ಬರಲಾಗದು ಎಂದೇ ಹೇಳಿ, ಅವರು ಬೇಸರಿಸದೆ ಮುಂದಿನ ಹೆಸರಿಗೆ ಕರೆ ಮಾಡುತ್ತಾರೆ.