ಹಲವು ಕೈಗಳ ಲೆಕ್ಕ

ಪ್ರೌಢಶಾಲೆಯ ವ್ಯಾಸಂಗವು ಮುಗಿದ ಮೇಲೆ ಹೆಣ್ಣುಮಕ್ಕಳು ಗಣಿತವನ್ನು ಮುಂದುವರಿಸಬೇಕಾದ ಅಗತ್ಯವೇನೆಂದು ತಂದೆತಾಯಂದಿರಲ್ಲಿ ಕೆಲವರು ನಮ್ಮನ್ನು ಕೇಳುವುದುಂಟು. ಯಶವಂತಪುರಕ್ಕೆ ಸಮೀಪದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ವೆಂಬ ಮಹಾಗಣಕದ ಕಾರ್ಯಕ್ರಮವನ್ನು ತಕ್ಕಮಟ್ಟಿಗೆ ವಿವರಿಸುವುದೇ ಅದಕ್ಕೆ ಉತ್ತರವಾದೀತೆಂದು ಭಾವಿಸಿದ್ದೇವೆ.

ಅದರ ಶಕ್ತಿಯು 3.3 ಪೆಟಾಫ್ಲಾಪ್, ಎಂದರೆ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕಗಳು. ಈ ವೇಗವು ಒಂದೇ ಯಂತ್ರದ ಚುರುಕಿನಿಂದ ಬಂದುದಲ್ಲ. ಸಾವಿರಾರು ಗಣಕಭಾಗಗಳು ಅಲ್ಲಿ ಏಕಕಾಲದಲ್ಲಿ ದುಡಿಯುತ್ತವೆ. ಎಂಟು ಸಂಖ್ಯೆಗಳನ್ನು ಒಬ್ಬಳೇ ಹುಡುಗಿಯು ಒಟ್ಟುಗೂಡಿಸುವುದಾದರೆ ಏಳು ಸಲ ಕೂಡಬೇಕು. ನಾಲ್ವರು ಒಂದೇ ಸಮಯದಲ್ಲಿ ಎರಡೆರಡನ್ನು ಕೂಡಿ, ಬಂದ ನಾಲ್ಕು ಮೊತ್ತಗಳನ್ನು ಇಬ್ಬರು ಕೂಡಿ, ಉಳಿದೆರಡನ್ನು ಒಬ್ಬಳು ಕೂಡಿದರೆ ಮೂರೇ ಸರದಿಗಳಲ್ಲಿ ಕೆಲಸವು ತೀರುವುದು. ಹೀಗೆ 1024 ಸಂಖ್ಯೆಗಳಿಗೂ ಹತ್ತೇ ಸರದಿ ಸಾಕು!

ಊರುಗಳ ದಾರಿಗಳಿಗೂ ಇದು ಅನ್ವಯಿಸುವುದು. ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ ಮೊದಲಾದ ಹೆಸರುಗಳನ್ನು ಚೌಕದ ಮೇಲೂ ಪಕ್ಕದಲ್ಲಿಯೂ ಬರೆದು, ನೇರವಾದ ದಾರಿಯಿದ್ದೆಡೆ 1, ಇಲ್ಲದೆಡೆ 0 ಹಾಕಿರಿ. ಊರಿಗೆ ತನ್ನೊಡನೆ ಯಾವಾಗಲೂ 1. ಇಂತಹ ಚೌಕಕ್ಕೆ ಮಾತೃಕೆಯೆಂದು ಹೆಸರು. ಇದನ್ನು ಇದರಿಂದಲೇ ಗುಣಿಸಿದರೆ, ನಡುವೆ ಒಂದೂರನ್ನು ಹಾದು ತಲುಪಬಹುದಾದ ಸ್ಥಳಗಳೂ ಸೊನ್ನೆಯಲ್ಲದ ಅಂಕಗಳಾಗಿ ಗೋಚರಿಸುವುವು. ಫಲವನ್ನು ಪುನಃ ವರ್ಗಮಾಡಿದರೆ ನಾಲ್ಕು ಹೆಜ್ಜೆಯ ದಾರಿಗಳು, ಮತ್ತೊಮ್ಮೆ ಮಾಡಿದರೆ ಎಂಟು ಹೆಜ್ಜೆಯವು. ಗುಣಾಕಾರದ ಪ್ರತಿಯೊಂದು ಮನೆಯೂ ಸ್ವತಂತ್ರವಾದುದರಿಂದ ಒಬ್ಬೊಬ್ಬಳಿಗೆ ಒಂದೊಂದನ್ನು ಹಂಚಬಹುದು.

ಆದರೆ ಈ ವೇಗವು ಪುಕ್ಕಟೆಯಾಗಿ ಬಾರದು. ರಸ್ತೆಗಳನ್ನು ಒಂದೊಂದಾಗಿ ನೋಡುತ್ತ ಹೋಗುವವಳಿಗೆ ಒಟ್ಟು ಶ್ರಮವು ಎಷ್ಟೋ ಕಡಿಮೆ. ಅದಲ್ಲದೆ ಒಬ್ಬಳ ಉತ್ತರಕ್ಕಾಗಿ ಉಳಿದವರು ಕಾದು ಕುಳಿತರೆ ಲಾಭವೆಲ್ಲವೂ ಕರಗಿಹೋಗುವುದು. (ಪ್ರಯೋಗಶಾಲೆಯಲ್ಲಿ ಗುಂಪಿನ ಕೆಲಸ ಮಾಡಿದ ಹಳೆಯ ವಿದ್ಯಾರ್ಥಿನಿಯರಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ.)

ಭಾರತದ ಮೊದಲ ಸಮಾಂತರ ಗಣಕವೆಂದು ಹೆಸರಾದ ‘ಫ್ಲೋಸಾಲ್ವರ್’ ನಿರ್ಮಿತವಾದುದೂ ಬೆಂಗಳೂರಿನಲ್ಲಿಯೇ, ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯಲ್ಲಿ, 1986ರಲ್ಲಿ. ಗಾಳಿಯ ಹರಿವನ್ನು ಎಣಿಸಲು ಹುಟ್ಟಿದ ಆ ಯಂತ್ರವನ್ನು ತರುವಾಯ ಮುಂಗಾರಿನ ಮುನ್ಸೂಚನೆಗೂ ಉಪಯೋಗಿಸಿದರು. ಬಿತ್ತನೆಯ ಕಾಲವನ್ನು ಕಾಯುವ ರೈತರ ಮನೆಗಳಿಂದ ಬಂದ ಮಕ್ಕಳಿಗೆ ಇದರ ಬೆಲೆ ತಿಳಿಯದೆ ಇರದು.

ಯಂತ್ರಗಳನ್ನು ಹೆಚ್ಚಿಸದೆ ಕೆಲಸವನ್ನೇ ಕಡಿಮೆಮಾಡಿದವರೂ ಉಂಟು. ಎರಡೆರಡು ಸಾಲುಗಳ ಮಾತೃಕೆಗಳನ್ನು ಗುಣಿಸಲು ಎಂಟು ಗುಣಾಕಾರಗಳು ಬೇಡ, ಏಳೇ ಸಾಕೆಂದು 1969ರಲ್ಲಿ ಜರ್ಮನಿಯ ಫೋಲ್ಕರ್ ಸ್ಟ್ರಾಸೆನ್ ಎಂಬ ಪಂಡಿತರು ತೋರಿಸಿಕೊಟ್ಟರು. ಅದನ್ನು ಸರಿನೋಡಲು ಮಹಾಗಣಕವು ಬೇಕಿಲ್ಲ; ಒಂದು ಹಾಳೆ ಕಾಗದವೂ ಬೀಜಗಣಿತವನ್ನು ಬಿಡದಿರುವ ಹುಡುಗಿಯೂ ಇದ್ದರೆ ಆಯಿತು.