ಸೇನೆ ಕಳಚಿಟ್ಟ ರೈಫಲ್ಲು, ಸಂಗ್ರಾಹಕನ ಬೆಲೆ

1963ರಲ್ಲಿ ಅಮೆರಿಕದ ಷಿಕಾಗೊ ನಗರದ ಕ್ರೀಡಾಸಾಮಗ್ರಿ ಮಳಿಗೆಯೊಂದು ಇಟಲಿ ಸೇನೆಯ ಹಳೆಯ ಕಾರ್ಕಾನೊ ರೈಫಲ್ ಒಂದನ್ನು, ಅದಕ್ಕೆ ಜೋಡಿಸಿದ ದುರ್ಬೀನು ಸಮೇತ, 19 ಡಾಲರ್ 95 ಸೆಂಟ್‌ಗಳಿಗೆ ಅಂಚೆಯ ಮೂಲಕ ಮಾರಾಟ ಮಾಡಿತು. ಅದೇ ವರ್ಷ ನವೆಂಬರ್ 22ರಂದು ಅಧ್ಯಕ್ಷ ಕೆನೆಡಿಯವರ ಹತ್ಯೆಗೆ ಬಳಕೆಯಾದದ್ದು ಈ ರೈಫಲ್ಲೇ ಎಂದು ಮುಂದೆ ವಾರೆನ್ ಆಯೋಗವು ನಿರ್ಣಯಿಸಿತು. ಘಟನೆಯ ರಾಜಕೀಯವನ್ನು ಬದಿಗಿಟ್ಟು ಬೆಲೆಯನ್ನಷ್ಟೇ ಗಮನಿಸಿದರೆ, ನುರಿತ ಕುಶಲಕರ್ಮಿಗಳು ತಯಾರಿಸಿದ, ಉಕ್ಕು ಮತ್ತು ಮರದ ಒಂದು ನಿಖರ ಯಂತ್ರವು ಹೆಚ್ಚುಕಡಿಮೆ ಗುಜರಿಯ ದರದಲ್ಲಿ ಬಿಕರಿಯಾಗುತ್ತಿದ್ದ ಕಾಲವೊಂದಿತ್ತೆಂಬುದು ತಿಳಿಯುತ್ತದೆ. ಇಂದು ಅದೇ ಪೀಳಿಗೆಯ ರೈಫಲ್ಲುಗಳಿಗೆ ಸಂಗ್ರಾಹಕರು ಅದರ ಹತ್ತಾರು ಪಟ್ಟು ಹಣ ತೆರುತ್ತಿದ್ದಾರೆ. ಸರಕು ಬದಲಾಗಿಲ್ಲ, ಬದಲಾದದ್ದು ಕೊಳ್ಳುವವನು, ಕಾನೂನು ಮತ್ತು ಪೂರೈಕೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬಹುತೇಕ ಸೇನೆಗಳು ಸ್ವಯಂಚಾಲಿತ ಶಸ್ತ್ರಗಳತ್ತ ಹೊರಳಿದವು. ಕೈಯಿಂದ ಬೋಲ್ಟು ಎಳೆದು ತೋಟಾ ತುಂಬುವ ಲಕ್ಷಾಂತರ ರೈಫಲ್ಲುಗಳು ಉಗ್ರಾಣಗಳಲ್ಲಿ ಉಳಿದವು. ಉಗ್ರಾಣಕ್ಕೆ ಕಾವಲು ಬೇಕು, ಸರಕಿಗೆ ಎಣ್ಣೆ ಬೇಕು. ಯುದ್ಧದಿಂದ ಬಸವಳಿದ ಸರ್ಕಾರಗಳಿಗೋ ನಗದು ಬೇಕಿತ್ತು. ಈ ಸಂದರ್ಭವನ್ನು ಎಲ್ಲರಿಗಿಂತ ಮೊದಲು ಅರಿತವನು ಸ್ಯಾಮ್ಯುಯೆಲ್ ಕಮಿಂಗ್ಸ್ ಎಂಬ ಅಮೆರಿಕದ ವ್ಯಾಪಾರಿ. 1953ರಲ್ಲಿ ಇಂಟರ್‌ಆರ್ಮ್ಕೊ ಸಂಸ್ಥೆಯನ್ನು ಆರಂಭಿಸಿದ ಆತನು ದೇಶದೇಶಗಳ ಉಗ್ರಾಣಗಳನ್ನು ಸಗಟಾಗಿ ಕೊಂಡು, ವರ್ಜೀನಿಯ ರಾಜ್ಯದ ಅಲೆಕ್ಸಾಂಡ್ರಿಯದಲ್ಲಿ ಪೊಟೊಮ್ಯಾಕ್ ನದಿಯ ದಡದ ಗೋದಾಮುಗಳಲ್ಲಿ ರಾಶಿ ಹಾಕಿದನು. ಅಂದಿನ ಗಿರಾಕಿ ಬೇಟೆಗಾರನೇ ಹೊರತು ಸಂಗ್ರಾಹಕನಲ್ಲ. ಆತನಿಗೆ ಬೇಕಾದದ್ದು ಜಿಂಕೆಯ ಬೇಟೆಗೆ ಒದಗುವ ಅಗ್ಗದ ಸಾಧನ. ಹೀಗಾಗಿ ಕೊಂಡವರು ಗರಗಸ ಹಿಡಿದು ಮರದ ಕವಚವನ್ನು ಕತ್ತರಿಸಿದರು, ನಳಿಗೆಯನ್ನು ಮೊಟಕುಗೊಳಿಸಿದರು, ಹೊಸ ಮೆರುಗು ಹಚ್ಚಿದರು. ಜರ್ಮನಿಯ ಓಬರ್ನ್‌ಡಾರ್ಫ್‌ನ ಪ್ರಸಿದ್ಧ ಮೌಸರ್ ಮಾದರಿಯ ಅಸಂಖ್ಯ ರೈಫಲ್ಲುಗಳು ಹೀಗೆ ‘ಸುಧಾರಣೆ’ ಕಂಡವು. ಅಂದು ಹತ್ತು ಡಾಲರ್ ಖರ್ಚು ಮಾಡಿ ಅಂದಗಾಣಿಸಿದ ವಸ್ತು ಇಂದು ಅಂದಗಾಣಿಸದೆ ಉಳಿದ ವಸ್ತುವಿನ ಅರ್ಧ ಬೆಲೆಗೂ ಹೋಗುವುದು ಕಷ್ಟ.

1968ರ ಬಂದೂಕು ನಿಯಂತ್ರಣ ಕಾಯ್ದೆಯು ಅಮೆರಿಕದಲ್ಲಿ ಅಂಚೆ ಮಾರಾಟವನ್ನೂ ಸೇನೆಯ ಹಳೆಯ ಶಸ್ತ್ರಗಳ ಆಮದನ್ನೂ ತಡೆಹಿಡಿಯಿತು. 1984ರ ತಿದ್ದುಪಡಿಯಿಂದ ಸಂಗ್ರಹಯೋಗ್ಯವೆಂದು ಪರಿಗಣಿತವಾದ ಹಳೆಯ ರೈಫಲ್ಲುಗಳ ಆಮದಿಗೆ ಮತ್ತೆ ದಾರಿಯಾಯಿತು. ಸಾಮಾನ್ಯವಾಗಿ 50 ವರ್ಷ ತುಂಬಿದ ಶಸ್ತ್ರಗಳು ಈ ವರ್ಗಕ್ಕೆ ಸೇರುತ್ತವೆ. ಅವನ್ನು ಕೊಳ್ಳಲು ಸಂಗ್ರಾಹಕರಿಗೆಂದೇ ಪ್ರತ್ಯೇಕ ಪರವಾನಗಿಯಿದೆ. ಕಾಯ್ದೆಯೊಂದು ವಸ್ತುವನ್ನು ‘ಸಂಗ್ರಹಯೋಗ್ಯ’ ಎಂದು ಹೆಸರಿಸಿದ ಕ್ಷಣದಿಂದ ಅದಕ್ಕೊಂದು ಬೇರೆಯೇ ಪೇಟೆ ಹುಟ್ಟಿಕೊಂಡಿತೆನ್ನಬಹುದು.

ಪೆಟ್ಟಿಗೆಗಟ್ಟಲೆ ಬಂದ ಮೋಸಿನ್

ಈ ಪೇಟೆಯ ಏರಿಳಿತವನ್ನು ಅರಿಯಲು ರಷ್ಯದ ಮೋಸಿನ್–ನಾಗಾಂತ್ ರೈಫಲ್ಲಿಗಿಂತ ಉತ್ತಮ ಉದಾಹರಣೆ ದೊರಕದು. 1891ರಲ್ಲಿ ಅಂಗೀಕೃತವಾದ ಈ ರೈಫಲ್ಲು ಎರಡು ಮಹಾಯುದ್ಧಗಳಲ್ಲೂ ಸೇವೆ ಸಲ್ಲಿಸಿತು. ತಯಾರಾದ ಸಂಖ್ಯೆ ಕೋಟಿಗಳಲ್ಲಿದೆ. ಸೋವಿಯತ್ ಒಕ್ಕೂಟ 1991ರಲ್ಲಿ ಕುಸಿದ ಬಳಿಕ ಇವು ಮರದ ಪೆಟ್ಟಿಗೆಗಳಲ್ಲಿ, ಕಾಸ್ಮೊಲಿನ್ ಎಂಬ ದಪ್ಪ ಗ್ರೀಸಿನಲ್ಲಿ ಮುಳುಗಿದ ಸ್ಥಿತಿಯಲ್ಲಿ ಅಮೆರಿಕಕ್ಕೆ ಬಂದಿಳಿದವು. ನೂರು ಡಾಲರಿಗೂ ಕಡಿಮೆ ಬೆಲೆಗೆ ಒಂದು ರೈಫಲ್ಲು, ತಗಡಿನ ಮುಚ್ಚಿದ ಡಬ್ಬದಲ್ಲಿ 440 ತೋಟಾ. ಗ್ರೀಸನ್ನು ಬಿಸಿನೀರಿನಿಂದಲೂ ದ್ರಾವಕದಿಂದಲೂ ತೊಳೆದು ತೆಗೆಯುವುದೇ ಅನೇಕ ಯುವಕರಿಗೆ ಈ ಹವ್ಯಾಸದ ಮೊದಲ ಪಾಠವಾಯಿತು. ಹಳೆಯ ತೋಟಾಗಳ ಕಿಡಿಮದ್ದು ನಳಿಗೆಯೊಳಗೆ ಲವಣವನ್ನು ಉಳಿಸುತ್ತದೆ, ಎಣ್ಣೆ ಬಳಿದರೆ ಸಾಲದು, ನೀರಿನಿಂದ ತೊಳೆಯದಿದ್ದರೆ ತುಕ್ಕು ಹಿಡಿಯುತ್ತದೆ ಎಂಬುದನ್ನು ಹಲವರು ನಷ್ಟಪಟ್ಟೇ ಕಲಿತರು.

ಅಗ್ಗದ ಸರಕೆಂದು ಅಸಡ್ಡೆ ಮಾಡಿದವರು ಗಮನಿಸದ ಸಂಗತಿಯೊಂದಿತ್ತು. ಮೊದಲ ಮಹಾಯುದ್ಧದಲ್ಲಿ ಝಾರ್ ಸರ್ಕಾರವು ಇದೇ ರೈಫಲ್ಲಿಗಾಗಿ ಅಮೆರಿಕದ ರೆಮಿಂಗ್ಟನ್ ಮತ್ತು ನ್ಯೂ ಇಂಗ್ಲೆಂಡ್ ವೆಸ್ಟಿಂಗ್‌ಹೌಸ್ ಸಂಸ್ಥೆಗಳಿಗೆ ಭಾರೀ ಬೇಡಿಕೆ ಸಲ್ಲಿಸಿತ್ತು. 1917ರ ಕ್ರಾಂತಿಯಾದೊಡನೆ ಹಣ ನಿಂತಿತು. ತಯಾರಾದ ಸರಕು ಕಾರ್ಖಾನೆಯಲ್ಲೇ ಉಳಿಯಿತು. ಕಡೆಗೆ ಅಮೆರಿಕ ಸರ್ಕಾರವೇ ಉಳಿದ ರೈಫಲ್ಲುಗಳನ್ನು ಕೊಂಡು ತಯಾರಕರನ್ನು ಕಾಪಾಡಬೇಕಾಯಿತು. ಒಬ್ಬನೇ ಗಿರಾಕಿಯನ್ನು ನಂಬಿ ಯಂತ್ರ ಹೂಡಿದ ಕಾರ್ಖಾನೆದಾರರ ಪಾಡು ನಮ್ಮ ಓದುಗರಿಗೆ ಹೊಸದಾಗಿ ವಿವರಿಸಬೇಕಾದುದಲ್ಲ. ಆ ಎರಡು ಕಾರ್ಖಾನೆಗಳ ಹೆಸರು ಕೆತ್ತಿದ ಮೋಸಿನ್ ರೈಫಲ್ಲು ಇಂದು ಸಾಮಾನ್ಯ ಸೋವಿಯತ್ ಮೋಸಿನ್‌ಗಿಂತ ಬೇಗ ಬಿಕರಿಯಾಗುತ್ತದೆ.

ಮುದ್ರೆಯೇ ಬೆಲೆ

ಸಂಗ್ರಾಹಕನು ಕೊಳ್ಳುವುದು ಗುಂಡು ಹಾರಿಸುವ ಸಾಮರ್ಥ್ಯವನ್ನಲ್ಲ, ಲೋಹದ ಮೇಲಿನ ಬರಹವನ್ನು. ತಯಾರಿಸಿದ ಕಾರ್ಖಾನೆ, ವರ್ಷ, ಪರೀಕ್ಷಕನ ಗುರುತು, ಕ್ರಮಸಂಖ್ಯೆ, ಇವೆಲ್ಲ ಸೇರಿ ಒಂದು ರೈಫಲ್ಲಿನ ಜಾತಕವಾಗುತ್ತವೆ. ಅಮೆರಿಕದ ಎಂ1 ಕಾರ್ಬೈನ್ ಈ ದೃಷ್ಟಿಯಿಂದ ಸಣ್ಣ ಉದ್ಯಮಿಗಳಿಗೆ ವಿಶೇಷ ಆಸಕ್ತಿಯ ವಸ್ತು. ಯುದ್ಧಕಾಲದಲ್ಲಿ 60 ಲಕ್ಷಕ್ಕೂ ಹೆಚ್ಚು ತಯಾರಾದ ಈ ಹಗುರ ರೈಫಲ್ಲಿನ ಪ್ರಧಾನ ಗುತ್ತಿಗೆದಾರರು ಹತ್ತು ಮಂದಿ. ಅವರ ಪೈಕಿ ಬಂದೂಕು ತಯಾರಿಕೆಯಲ್ಲಿ ಹೆಸರಾಗಿದ್ದುದು ವಿಂಚೆಸ್ಟರ್ ಮಾತ್ರ. ಉಳಿದವರಲ್ಲಿ ಲೆಕ್ಕದ ಯಂತ್ರಗಳ ಐಬಿಎಂ, ಬೆರಳಚ್ಚು ಯಂತ್ರಗಳ ಅಂಡರ್‌ವುಡ್, ಕಾಸು ಹಾಕಿದರೆ ಹಾಡುವ ಸಂಗೀತಪೆಟ್ಟಿಗೆಗಳ ರಾಕ್–ಓಲಾ, ಜನರಲ್ ಮೋಟಾರ್ಸ್‌ನ ಇನ್‌ಲ್ಯಾಂಡ್ ವಿಭಾಗ ಮುಂತಾದವು ಸೇರಿದ್ದವು. ಒಬ್ಬರ ಬಿಡಿಭಾಗ ಇನ್ನೊಬ್ಬರ ರೈಫಲ್ಲಿಗೆ ಕೂಡಲೇಬೇಕೆಂಬುದು ಕರಾರು. ಅಳತೆಗೇಜುಗಳ ಶಿಸ್ತಿನಿಂದ ಅದು ಸಾಧ್ಯವಾಯಿತು. ಒಂದು ಕಾರ್ಖಾನೆಯಲ್ಲಿ ಕೊರತೆಯಾದ ಬಿಡಿಭಾಗವನ್ನು ಇನ್ನೊಂದರಿಂದ ತರಿಸಿ ಕೆಲಸ ಸಾಗಿಸಿದರು.

ಇನ್‌ಲ್ಯಾಂಡ್ 26 ಲಕ್ಷಕ್ಕೂ ಹೆಚ್ಚು ಕಾರ್ಬೈನ್ ತಯಾರಿಸಿದರೆ, ರಾಕ್–ಓಲಾ ತಯಾರಿಸಿದ್ದು ಸುಮಾರು 2 ಲಕ್ಷ 28 ಸಾವಿರ. ಕೆಲಸದಲ್ಲಿ ಎರಡೂ ಒಂದೇ. ಆದರೂ ಹಾಡುಪೆಟ್ಟಿಗೆಯ ಕಂಪನಿಯ ಹೆಸರಿರುವ ಕಾರ್ಬೈನಿಗೆ ಹೆಚ್ಚು ಬೆಲೆ. ಯುದ್ಧಾನಂತರ ಸೇನೆಯ ದುರಸ್ತಿಶಾಲೆಗಳಲ್ಲಿ ಎಲ್ಲವನ್ನೂ ಬಿಚ್ಚಿ, ಕೈಗೆ ಸಿಕ್ಕ ಭಾಗಗಳಿಂದ ಮತ್ತೆ ಜೋಡಿಸಿದ ಕಾರಣ, ಎಲ್ಲ ಭಾಗಗಳೂ ಒಂದೇ ತಯಾರಕರದಾಗಿರುವ ಕಾರ್ಬೈನ್ ಅಪರೂಪ. ಅಪರೂಪವಿದ್ದಲ್ಲಿ ನಕಲಿಯೂ ಇರುತ್ತದೆ. ಬಿಡಿಭಾಗಗಳನ್ನು ಹುಡುಕಿ ಜೋಡಿಸಿ ‘ಮೂಲ ಸ್ಥಿತಿ’ಯೆಂದು ಮಾರುವವರು, ಹಳೆಯ ಅಂಕಿಗಳನ್ನು ಅರೆದು ಹೊಸ ಅಂಕಿ ಅಚ್ಚೊತ್ತುವವರು ಈ ಪೇಟೆಯ ಪಿಡುಗು. ಸೋವಿಯತ್ ದುರಸ್ತಿಶಾಲೆಗಳು ಬೋಲ್ಟಿನ ಮೇಲಿನ ಹಳೆಯ ಸಂಖ್ಯೆಯನ್ನು ತಿದ್ದಿ ನಳಿಗೆಯ ಸಂಖ್ಯೆಗೆ ಹೊಂದಿಸುತ್ತಿದ್ದುದೂ ಉಂಟು; ಅದು ಮೋಸವಲ್ಲ, ಕಚೇರಿಯ ಕ್ರಮ. ಎರಡರ ನಡುವಿನ ವ್ಯತ್ಯಾಸವನ್ನು ಅಚ್ಚಿನ ಆಕಾರದಿಂದಲೇ ಗುರುತಿಸಬಲ್ಲವನಿಗೆ ಮಾತ್ರ ಇಲ್ಲಿ ಲಾಭ.

ಹಣದ ಲೆಕ್ಕಕ್ಕೆ ಸಿಗದ ಆಕರ್ಷಣೆಯೂ ಇದೆ. ಸ್ವಿಟ್ಜರ್‌ಲೆಂಡಿನ ಕೆ31 ರೈಫಲ್ಲಿನ ಹಿಡಿಯ ತುದಿಯ ಲೋಹದ ತಟ್ಟೆಯನ್ನು ಬಿಚ್ಚಿದರೆ, ಕೆಲವೊಮ್ಮೆ ಅದರಡಿ ಮಡಿಸಿಟ್ಟ ಚೀಟಿ ದೊರೆಯುತ್ತದೆ. ಅದರಲ್ಲಿ ಆ ರೈಫಲ್ಲನ್ನು ಹೊತ್ತ ಸೈನಿಕನ ಹೆಸರು ಮತ್ತು ದಳದ ವಿವರ ಇರುತ್ತದೆ.

ಈಶಾಪುರದ ರೈಫಲ್ಲು

ಸಂಗ್ರಾಹಕರ ಪಟ್ಟಿಯಲ್ಲಿ ಭಾರತದ ಹೆಸರೂ ಇದೆ. ಹತ್ತು ಗುಂಡಿನ ಮ್ಯಾಗಝೀನ್ ಹಾಗೂ ಸಲೀಸಾಗಿ ಓಡುವ ಬೋಲ್ಟಿಗೆ ಖ್ಯಾತವಾದ ಬ್ರಿಟಿಷರ .303 ಲೀ–ಎನ್‌ಫೀಲ್ಡ್ ರೈಫಲ್ಲು ಇಂಗ್ಲೆಂಡಿನ ಹೊರಗೆ ಆಸ್ಟ್ರೇಲಿಯದ ಲಿತ್‌ಗೊ, ಕೆನಡದ ಲಾಂಗ್ ಬ್ರಾಂಚ್, ಅಮೆರಿಕದ ಸ್ಯಾವೇಜ್ ಕಾರ್ಖಾನೆಗಳಲ್ಲದೆ ಬಂಗಾಳದ ಈಶಾಪುರದಲ್ಲೂ ತಯಾರಾಯಿತು. 1962ರ ಚೀನಾ ಯುದ್ಧದ ನಂತರ ಈಶಾಪುರವು ಅದೇ ವಿನ್ಯಾಸವನ್ನು ಹೆಚ್ಚು ಬಲಿಷ್ಠ ಉಕ್ಕಿನಲ್ಲಿ, 7.62 ಮಿ.ಮೀ. ತೋಟಾಕ್ಕೆ ಹೊಂದುವಂತೆ ಹೊಸದಾಗಿ ತಯಾರಿಸಿತು. 2ಎ ಮತ್ತು 2ಎ1 ಎಂಬ ಈ ಮಾದರಿಗಳು ಹಳೆಯ .303ರ ಮಾರ್ಪಾಡೆಂಬ ತಪ್ಪು ತಿಳಿವಳಿಕೆ ವಿದೇಶಿ ಕೊಳ್ಳುವವರಲ್ಲಿ ಬಹುಕಾಲ ಇತ್ತು. ಅದರಿಂದ ಬೆಲೆಯೂ ಕೆಳಗಿತ್ತು. ಸುಲಭವಾಗಿ ಸಿಗುವ ತೋಟಾ ಬಳಸಬಹುದಾದ ಲೀ–ಎನ್‌ಫೀಲ್ಡ್ ಇದೊಂದೇ ಎಂಬಂತಾದಾಗ ಅಸಡ್ಡೆ ಕಳೆಯಿತು.

ನೆರೆಯ ನೇಪಾಳದ ಪ್ರಕರಣವಂತೂ ಸಗಟು ವ್ಯಾಪಾರದ ಸಾಹಸಗಾಥೆ. 2003ರಲ್ಲಿ ಅಮೆರಿಕದ ಎರಡು ಸಂಸ್ಥೆಗಳು ಜೊತೆಗೂಡಿ ಕಠ್ಮಂಡುವಿನ ಹಳೆಯ ಅರಮನೆಯೊಂದರಲ್ಲಿ ಶೇಖರವಾಗಿದ್ದ ಸುಮಾರು 50 ಸಾವಿರ ಪುರಾತನ ಬಂದೂಕುಗಳನ್ನು ಕೊಂಡು ಹಡಗಿಗೇರಿಸಿದವು. ಮಾರ್ಟಿನಿ–ಹೆನ್ರಿ, ಅದಕ್ಕೂ ಹಿಂದಿನ ಮಸ್ಕೆಟ್‌ಗಳು, ನೇಪಾಳದಲ್ಲೇ ತಯಾರಾದ ಗಹೇಂದ್ರ ರೈಫಲ್ಲುಗಳು ಅಲ್ಲಿದ್ದವು. 1898ರವರೆಗೆ ತಯಾರಾದ ಬಂದೂಕು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಪುರಾತನ ವಸ್ತುವೆಂದು ಗಣಿತವಾಗುವುದರಿಂದ ಪರವಾನಗಿಯ ತೊಡಕು ವಿರಳ. ಧೂಳು, ಗ್ರೀಸು ತೆಗೆಯದ ಸ್ಥಿತಿಯಲ್ಲೇ ಕಡಿಮೆ ಬೆಲೆಗೆ ಮಾರಿ, ಸ್ವಚ್ಛಗೊಳಿಸುವ ಕೂಲಿಯನ್ನು ಗಿರಾಕಿಯ ಹವ್ಯಾಸಕ್ಕೇ ಬಿಟ್ಟದ್ದು ಜಾಣ ಕ್ರಮ.

ಪೂರೈಕೆಯ ಬಾಗಿಲು ಮಾತ್ರ ಸರ್ಕಾರಗಳ ಕೈಯಲ್ಲಿದೆ. ಚೀನಾದ ಎಸ್‌ಕೆಎಸ್ ರೈಫಲ್ಲುಗಳ ಆಮದನ್ನು ಅಮೆರಿಕವು 1994ರಲ್ಲಿ ನಿಲ್ಲಿಸಿತು. ಕೊರಿಯಕ್ಕೆ ಕೊಟ್ಟಿದ್ದ ಎಂ1 ಗ್ಯಾರಂಡ್ ರೈಫಲ್ಲುಗಳನ್ನು ಖಾಸಗಿಯವರು ಮರಳಿ ತರಿಸುವ ಯತ್ನಕ್ಕೆ 2013ರಲ್ಲಿ ತಡೆ ಬಿತ್ತು. 2021ರಲ್ಲಿ ರಷ್ಯದ ಬಂದೂಕು, ತೋಟಾಗಳ ಹೊಸ ಆಮದು ಪರವಾನಗಿಗಳಿಗೆ ನಿರ್ಬಂಧ ಹೇರಲಾಯಿತು. ಪ್ರತಿ ಬಾರಿಯೂ ಗೋದಾಮಿನಲ್ಲಿ ಸರಕಿದ್ದವರ ಅದೃಷ್ಟ ತೆರೆಯಿತು; ಮುಂಗಡ ಕೊಟ್ಟು ಸರಕಿಗಾಗಿ ಕಾದಿದ್ದವರ ಹಣ ಸಿಕ್ಕಿಬಿತ್ತು.

ನಮ್ಮ ದೇಶದಲ್ಲಿ ಇಂತಹ ಪೇಟೆಗೆ ಅವಕಾಶವಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ ಸಾಮಾನ್ಯ ಪರವಾನಗಿದಾರನು ಇರಿಸಿಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. .303 ಮತ್ತು 7.62 ಬೋರಿನ ರೈಫಲ್ಲುಗಳು ನಿರ್ಬಂಧಿತ ವರ್ಗಕ್ಕೆ ಸೇರಿವೆ. ಸೇನೆಯ ತೋಟಾ ಜನರ ಕೈಗೆ ಹೋಗಬಾರದೆಂಬ ಬ್ರಿಟಿಷರ ಕಾಲದ ಎಚ್ಚರಿಕೆಯ ಫಲವಾಗಿಯೇ ಈಶಾಪುರದ ಕಾರ್ಖಾನೆಯು ನಾಗರಿಕರಿಗೆಂದು ಬೇರೆ ಅಳತೆಯ .315 ಬೋರಿನ ರೈಫಲ್ಲನ್ನು ತಯಾರಿಸಿತು. ಹಳೆಯ ಪರವಾನಗಿಯಿರುವ ಮನೆಗಳಲ್ಲಿ ಈಗಲೂ ಕಾಣಸಿಗುವ ಆ ರೈಫಲ್ಲಿನ ಬೋಲ್ಟು ಲೀ–ಎನ್‌ಫೀಲ್ಡಿನದೇ.