ಲೇಬಲ್ಲಿನ ಮೂರು ವರ್ಷ

ನಾಯಿಗೆ ರೇಬೀಸ್ ಚುಚ್ಚುಮದ್ದು ಹಾಕಿದ ಪಶುವೈದ್ಯರು ಸೀಸೆಯ ಲೇಬಲ್ ಕಿತ್ತು ಲಸಿಕೆ ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ಮುಂದಿನ ತಾರೀಖು ಬರೆಯುತ್ತಾರೆ. ಆ ತಾರೀಖು ದಾಟಿದ ಮರುದಿನವೇ ರಕ್ಷಣೆ ಮುಗಿಯಿತೇ? ಹಾಗೇನಿಲ್ಲ. ತಯಾರಕರು ಎಷ್ಟು ಕಾಲ ಕಾದು ಪರೀಕ್ಷಿಸಿದರೋ ಅಷ್ಟಕ್ಕೆ ಮಾತ್ರ ಲೇಬಲ್ಲು ಹೊಣೆ.

ಈ ಕಾಯುವಿಕೆ ಕ್ರೂರವಾದದ್ದು. ಅಮೆರಿಕದ ನಿಯಮದಂತೆ ಕನಿಷ್ಠ 25 ನಾಯಿಗಳಿಗೆ ಲಸಿಕೆ ಹಾಕಿ, 10ನ್ನು ಹಾಗೇ ಬಿಡಬೇಕು. ಒಂದೋ ಮೂರೋ ವರ್ಷ ಹೊರಗಿನ ಸೋಂಕು ತಾಗದಂತೆ ಸಾಕಿ, ಆಮೇಲೆ ಎಲ್ಲಕ್ಕೂ ಜೀವಂತ ವೈರಸ್ ಚುಚ್ಚುತ್ತಾರೆ, ಸಾಮಾನ್ಯವಾಗಿ ದವಡೆಯ ಸ್ನಾಯುವಿಗೆ. ಲಸಿಕೆ ಕಾಣದ 10ರಲ್ಲಿ 8ಕ್ಕಾದರೂ ರೋಗ ಬರಲೇಬೇಕು. ಬಾರದಿದ್ದರೆ ವೈರಸ್ಸಿನಲ್ಲೇ ಕಸುವಿಲ್ಲವೆಂದು ಪರೀಕ್ಷೆ ರದ್ದು. ಲಸಿಕೆ ಪಡೆದ 25ರಲ್ಲಿ 22 ನಾಯಿಗಳು 90 ದಿನ ಆರೋಗ್ಯವಾಗಿರಬೇಕು.

ಮೂರು ವರ್ಷದ ಪರವಾನಗಿ ಸಿಕ್ಕ ಕಂಪನಿ ಏಳು ವರ್ಷ ಕಾಯುವ ಗೋಜಿಗೆ ಯಾಕೆ ಹೋದೀತು? ಆ ಕೆಲಸವನ್ನು ಅಮೆರಿಕದ ಪಶುವೈದ್ಯೆ ಜೀನ್ ಡಾಡ್ಸ್, ರೋಗನಿರೋಧ ತಜ್ಞ ರೊನಾಲ್ಡ್ ಶುಲ್ಟ್ಸ್ ಮತ್ತಿತರರು ಕೈಗೆತ್ತಿಕೊಂಡರು. ಹಣ ಬಹುಪಾಲು ನಾಯಿ ಸಾಕಿದವರ ದೇಣಿಗೆಯದು. 65 ಬೀಗಲ್ ನಾಯಿಗಳು. ಲಸಿಕೆಯ ಗುಂಪಿಗೆ 12 ಮತ್ತು 15ನೇ ವಾರದಲ್ಲಿ ಚುಚ್ಚುಮದ್ದು, ಆಮೇಲೆ ಏನೂ ಇಲ್ಲ. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಐದು ವರ್ಷ ಐದು ತಿಂಗಳಿಗೆ ಚುಚ್ಚಿದ ವೈರಸ್ಸಿನಲ್ಲಿ ಸಾಕಷ್ಟು ಕಸುವಿರಲಿಲ್ಲ, ಹಾಗಾಗಿ ಆ ಸುತ್ತಿನಿಂದ ಏನನ್ನೂ ಖಚಿತವಾಗಿ ಹೇಳುವಂತಿಲ್ಲ. ಆರು ವರ್ಷ ಏಳು ತಿಂಗಳಿಗೆ ಚುಚ್ಚಿದಾಗ ಲಸಿಕೆ ಪಡೆದವುಗಳಲ್ಲಿ ಶೇ. 80 ಬದುಕಿದವು. ಏಳು ವರ್ಷ ದಾಟುತ್ತಲೇ ಅರ್ಧಕ್ಕರ್ಧ. ಎಂಟಕ್ಕೆ ಶೇ. 20 ಮಾತ್ರ. ಗುಂಪುಗಳು ಚಿಕ್ಕವು, ಹಾಗಾಗಿ ಈ ಶೇಕಡಾವಾರನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಆದರೆ ವರ್ಷ ಕಳೆದಂತೆ ರಕ್ಷಣೆ ಇಳಿಯುವುದು ಕಾಣುತ್ತದೆ. ಇದನ್ನು ನೆಚ್ಚಿಕೊಂಡು ಬೀದಿನಾಯಿಗಳ ನಡುವೆ ಓಡಾಡುವ ನಾಯಿಯ ಲಸಿಕೆ ತಪ್ಪಿಸುವುದು ಮಾತ್ರ ಹುಚ್ಚುತನ.

ಇಷ್ಟು ವರ್ಷ ರಕ್ಷಣೆ ಉಳಿಯುವುದು ಹೇಗೆ? ರಕ್ತದಲ್ಲಿನ ಪ್ರತಿಕಾಯಗಳು ವರ್ಷ ಕಳೆದಂತೆ ಕರಗುತ್ತವೆ, ಆದರೆ ನೆನಪಿನ ಕೋಶಗಳು ಉಳಿದಿರುತ್ತವೆ. ಕಚ್ಚಿದ ಜಾಗದಿಂದ ನರದ ಎಳೆ ಹಿಡಿದು ಮಿದುಳು ತಲುಪಲು ರೇಬೀಸ್ ವೈರಸ್ಸಿಗೆ ಸಾಮಾನ್ಯವಾಗಿ ವಾರಗಳು, ಒಮ್ಮೊಮ್ಮೆ ತಿಂಗಳುಗಳೇ ಬೇಕು. ಆ ಬಿಡುವಿನಲ್ಲಿ ನೆನಪಿನ ಕೋಶಗಳು ಎಚ್ಚೆತ್ತು ಹೊಸ ಪ್ರತಿಕಾಯ ತಯಾರಿಸಬಲ್ಲವು.

ಲಸಿಕೆಯ ಕಸುವು ಅಳೆಯುವ ಹಳೆಯ ಇಲಿ ಪರೀಕ್ಷೆಯಲ್ಲಿ ಈ ಬಿಡುವಿಲ್ಲ. ವಾರದ ಅಂತರದಲ್ಲಿ ಎರಡು ಸಲ ಲಸಿಕೆ ಕೊಟ್ಟು, 14ನೇ ದಿನ ವೈರಸ್ಸನ್ನು ನೇರ ಮಿದುಳಿಗೇ ಚುಚ್ಚುತ್ತಾರೆ. ಮದ್ದಿನ ಬಲ ಅದರಿಂದ ಗೊತ್ತಾಗುತ್ತದೆ. ಬಾಳಿಕೆ ತಿಳಿಯಬೇಕೆಂದರೆ ನಾಯಿಗಳನ್ನೇ ವರ್ಷಗಟ್ಟಲೆ ಸಾಕಬೇಕು.